ಹಕ್ಕಿಗೊಂದು, ಚುಕ್ಕಿಗೊಂದು

1980ರ ಫೆಬ್ರುವರಿ 16, ಶನಿವಾರ, ಅಮಾವಾಸ್ಯೆ, ಖಗ್ರಾಸ ಸೂರ್ಯಗ್ರಹಣ. ರಾಯಚೂರು ಜಿಲ್ಲೆಯ ಗೂಗಲ್ ಊರಿನ ನಮ್ಮ ಮಾಳಿಗೆ ಮನೆಯ ಬಾಗಿಲಿಗೆ ಅವ್ವ ಚಿಲಕ ಹಾಕಿ, ನೀರಿನ ಕೊಡಕ್ಕೆ ಗರಿಕೆ ಇಟ್ಟಿದ್ದಳು. ನನಗಾಗ ಎಂಟು ವರ್ಷ. ಮೂರೂವರೆ ದಾಟಿದ ಮೇಲೆ ಬೆಳಕು ಬೂದಿ ಬಣ್ಣಕ್ಕೆ ತಿರುಗಿ ಆರಿಹೋಯಿತು. ಕಿಟಕಿಯ ಸಂದಿಯಲ್ಲಿ ನಾನು ಸೂರ್ಯನನ್ನು ಕಾಣಲಿಲ್ಲ, ಬೆಳ್ಳಕ್ಕಿಗಳನ್ನು ಕಂಡೆ. ಕೃಷ್ಣೆಯ ಕಡೆಯಿಂದ ಸಾಲಾಗಿ ಬಂದು ಹುಣಸೆ ಮರದಲ್ಲಿ ಕೂತವು. ಎರಡು ನಿಮಿಷ ಕಳೆದು ಬೆಳಕು ಬಂದಾಗ ಮತ್ತೆ ಹೊಳೆಗೆ ಎದ್ದು ಹೋದವು.

ಅದೇ ಹೊತ್ತಿಗೆ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಸೂರ್ಯನ ಕಿರೀಟದ ಚಿತ್ರ ತೆಗೆಯುತ್ತಿದ್ದರು ಎಂಬುದು ನನಗೆ ದೊಡ್ಡವನಾದ ಮೇಲೆ ತಿಳಿಯಿತು. ಎರಡು ಹೊಳೆಗಳ ನಡುವಿನ ನಮ್ಮ ಎಡೆದೊರೆ ಸೀಮೆಗೆ ಅಂಥ ನೆರಳು ಅದೇ ಮೊದಲೂ ಅಲ್ಲ. 1868ರ ಆಗಸ್ಟ್ 18ರಂದು ಜಮಖಂಡಿಯಿಂದ ಗುಂಟೂರಿನ ಕಡೆಗೆ ಓಡಿದ ನೆರಳು ಇದೇ ನೆಲ ತುಳಿದು ಹೋಗಿತ್ತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮೋಡದ ಎಡೆಯಲ್ಲಿ ರೋಹಿತದರ್ಶಕ ಹಿಡಿದು ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಗೆರೆ ಕಂಡ. ಸೋಡಿಯಂ ಇರಬೇಕೆಂದು ಜನ ಭಾವಿಸಿದ ಆ ಕಿತ್ತಳೆ ಗೆರೆಯೇ ಮುಂದೆ ಹೀಲಿಯಂ ಎಂದು ಹೆಸರು ಪಡೆಯಿತು.

ನಿಜಾಮನ ಕಾಲದಲ್ಲಿ ನಮ್ಮ ಜಿಲ್ಲೆ ಹೈದರಾಬಾದಿಗೆ ಸೇರಿತ್ತು. ಅಲ್ಲಿನ ನವಾಬ ಜಫರ್ ಜಂಗ್ ಇಂಗ್ಲೆಂಡಿನಿಂದ 15 ಇಂಚಿನ ಗ್ರಬ್ ದುರ್ಬೀನು ತರಿಸಿ, 1901ರಲ್ಲಿ ಫಿಸಲ್‌ಬಂಡಾದಲ್ಲಿ ವೀಕ್ಷಣಾಲಯ ಕಟ್ಟಿದ. ಅವನು ತೀರಿದ ಮೇಲೆ, 1908ರಲ್ಲಿ, ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ಒಯ್ದಿತು. ಅಲ್ಲಿಯೇ 8 ಇಂಚಿನ ಕ್ಯಾಮೆರಾ ದುರ್ಬೀನು ಜಗತ್ತಿನ ನಕ್ಷತ್ರ ನಕಾಶೆಯ ಒಂದು ಪಟ್ಟಿಯನ್ನು ಗಾಜಿನ ಫಲಕಗಳ ಮೇಲೆ ಬರೆಯಿತು. ಹಕ್ಕಿಗಳ ಸರದಿ 1931ರಲ್ಲಿ ಬಂತು. ನಿಜಾಮನ ಸರ್ಕಾರದ ನೆರವಿನಿಂದ ಸಲೀಂ ಅಲಿ ರಾಜ್ಯದ ಹಕ್ಕಿಗಳ ಸಮೀಕ್ಷೆಗೆ ಹೊರಟರು. ಆ ಕಾಲದ ಪಕ್ಷಿಶಾಸ್ತ್ರದಲ್ಲಿ ಬಂದೂಕಿಗಿದ್ದ ಜಾಗ ದುರ್ಬೀನಿಗೆ ಇರಲಿಲ್ಲ. ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿದರೇ ಹಕ್ಕಿಗೆ ದಾಖಲೆ. ಒಂದೇ ರಾಜ್ಯ, ಒಂದೇ ಖಜಾನೆ. ಆದರೂ ಗಾಜು ಆಕಾಶಕ್ಕೆ ಹೋಯಿತು, ಹಕ್ಕಿಗೆ ಗುಂಡು ಉಳಿಯಿತು.

ಗಾಜಿನ ಒಳಗೂ ಆ ಭೇದ ಇತ್ತು. 1609ರಲ್ಲಿ ಗೆಲಿಲಿಯೋ ಹಿಡಿದ ನಳಿಗೆ ನೋಟವನ್ನು ನೆಟ್ಟಗೆ ತೋರಿಸುತ್ತಿತ್ತು, ಕಾಣುವ ಬಯಲು ಮಾತ್ರ ಸೂಜಿಗಣ್ಣಿನಷ್ಟು. 1611ರಲ್ಲಿ ಕೆಪ್ಲರ್ ಹೇಳಿದ ರೀತಿ ಬಯಲನ್ನು ಹಿಗ್ಗಿಸಿತು, ನೋಟವನ್ನು ತಲೆಕೆಳಗು ಮಾಡಿತು. ಚಂದ್ರ ತಲೆಕೆಳಗಾದರೆ ಯಾರಿಗೂ ನಷ್ಟವಿಲ್ಲ. ಕೊಕ್ಕರೆ ಕಾಲು ಮೇಲೆ ಮಾಡಿ ನಿಂತರೆ ಹೇಗೆ? ಅದನ್ನು ನೆಟ್ಟಗೆ ಮಾಡಲು ಹೆಚ್ಚಿನ ಮಸೂರ ಬೇಕು, ಇಲ್ಲವೆ 1854ರಲ್ಲಿ ಇಟಲಿಯ ಪೊರ್ರೊ ಪೇಟೆಂಟ್ ಪಡೆದಂಥ ಪಟ್ಟಕಗಳು ಬೇಕು. ಅವು ಒಂದಿಷ್ಟು ಬೆಳಕು ನುಂಗುತ್ತವೆ. ಮಂಕು ನಕ್ಷತ್ರ ಅರಸುವವನಿಗೆ ಆ ನಷ್ಟ ದೊಡ್ಡದು.

ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಕೇಳಿದಳು: "ಅಪ್ಪಾ, ಹಕ್ಕಿಗೊಂದು ಚುಕ್ಕಿಗೊಂದು ಯಾಕ? ಎರಡಕ್ಕೂ ಒಂದ ಸಾಕಾಗಂಗಿಲ್ಲೇನು?"

ಆರು ತಿಂಗಳು ವಿಚಾರಿಸಿ, ಎರಡಕ್ಕೂ ಒಗ್ಗುವ 80 ಮಿಲಿಮೀಟರ್ ಬಾಯಿಯ ಸ್ಪಾಟಿಂಗ್ ಸ್ಕೋಪ್ ದುರ್ಬೀನು ತಂದೆ. 20ರಿಂದ 60 ಪಟ್ಟು ಹಿಗ್ಗಿಸುತ್ತದೆ. ನೇರ ನೇತ್ರಮಸೂರದ್ದನ್ನು ಬಿಟ್ಟು, 45 ಡಿಗ್ರಿ ಬಾಗಿದ್ದನ್ನೇ ಆರಿಸಿಕೊಂಡೆ. ನೇರದ್ದರಲ್ಲಿ ನೆತ್ತಿಯ ಮೇಲಿನ ಗ್ರಹ ನೋಡಲು ನೆಲದಲ್ಲಿ ಮಲಗಬೇಕು. ದುಡ್ಡಿನ ದೊಡ್ಡ ಪಾಲು ಗಟ್ಟಿ ಮುಕ್ಕಾಲಿಗೆ ಹೋಯಿತು, ಅದಕ್ಕೆ ಇವತ್ತಿಗೂ ವಿಷಾದವಿಲ್ಲ. ನಡುಗುವ ಕಾಲಿನ ಮೇಲೆ ಎಂಥ ಗಾಜೂ ಕುರುಡು. ರಾಯಚೂರು ಬಿಸಿಲಿಗೆ ಬಂಡೆ ಕಾದ ಮೇಲೆ 60 ಪಟ್ಟು ಬರೀ ಕುದಿಯುವ ಗಾಳಿ ತೋರಿಸುತ್ತದೆ. ಹಗಲು 30 ದಾಟಬೇಡಿ, ಬೆಳಿಗ್ಗೆ ಎಂಟರೊಳಗೆ ಹಕ್ಕಿ ನೋಡಿ ಮುಗಿಸಿ. ನೀಹಾರಿಕೆಗಳ ಆಸೆ ಇದ್ದವರಿಗೆ ಇದು ಸಾಲದು. ಅವರಿಗೆ ಅಗಲ ಕನ್ನಡಿಯ ಡಾಬ್ಸೋನಿಯನ್ ದುರ್ಬೀನು ಬೇಕು, ಅದರಲ್ಲಿ ಹಕ್ಕಿಯ ಆಸೆ ಬಿಡಬೇಕು.

ಮೊದಲ ಚಳಿಗಾಲದಲ್ಲಿ ಅದನ್ನು ಗೂಗಲ್ ಬ್ಯಾರೇಜಿನ ಕೆಳಗಿನ ದಂಡೆಗೆ ಹೊತ್ತೆವು. ಸಂಜೆ ನೀರಿನ ಮೇಲೆ ರೀವ ಹಕ್ಕಿಗಳು ಮುಳುಗಿ ಏಳುತ್ತಿದ್ದವು, ಬೆಳ್ಳಕ್ಕಿಗಳು ಸಾಲುಗಟ್ಟಿ ಮರದ ಕಡೆ ತಿರುಗಿದವು. ಕತ್ತಲಾದ ಮೇಲೆ ಮಗಳು ಮುಕ್ಕಾಲಿಯನ್ನು ಕದಲಿಸದೆ ನಳಿಗೆಯನ್ನಷ್ಟೇ ಮೇಲೆತ್ತಿದಳು. ಗುರುವಿನ ಪಕ್ಕದಲ್ಲಿ ಮೂರು ಚಂದ್ರ ಇದ್ದವು. "ನಾಲ್ಕನೆಯದು ಎಲ್ಲಿ?" ಎನ್ನುತ್ತ ಅವಳು ಕಣ್ಣು ತೆಗೆಯಲೇ ಇಲ್ಲ. ಅದು ಗ್ರಹದ ಅಂಚಿನಿಂದ ಹೊರಬಂದಾಗ ರಾತ್ರಿ ಒಂಬತ್ತು ದಾಟಿತ್ತು.