ಕಾರ್ಲೈಲ್ ಹುಡುಗರ 1912

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಮೈದಾನಗಳ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವುದು, ಓಡುವವನ ಮೇಲೆ ಬಿದ್ದು ಕೆಡವುವುದು. ಆಟಕ್ಕಿಂತ ಕಾಳಗಕ್ಕೇ ಹತ್ತಿರವೆನ್ನಬೇಕು. 1905ರಲ್ಲಿ ಆಟಗಾರರ ಸಾವುಗಳಿಂದ ಕಳವಳಗೊಂಡ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ, ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮದ ಒಪ್ಪಿಗೆ ದೊರೆಯಿತು. ಮೈತೂಕದ ಜೊತೆಗೆ ಚುರುಕಿಗೂ ಬೆಲೆ ಬಂದಿತು. ಅದರ ಲಾಭವನ್ನು ಚೆನ್ನಾಗಿ ಪಡೆದದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ತಂಡ.

ಕಾಲೇಜುಗಳೊಡನೆ ಸೆಣಸುತ್ತಿದ್ದರೂ ಕಾರ್ಲೈಲ್ ಕಾಲೇಜಲ್ಲ. ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರಾಟ್ 1879ರಲ್ಲಿ ಹಳೆಯ ದಂಡುಪಾಳೆಯದಲ್ಲಿ ತೆರೆದ ವಸತಿಶಾಲೆ ಅದು. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ದೂರದೂರದ ನೆಲೆಗಳಿಂದ ತಂದು ಬಿಳಿಯರಂತೆ ಮಾಡುವುದೇ ಅದರ ಗುರಿ. ಬಂದೊಡನೆ ಜಡೆ ಕತ್ತರಿಸುವರು, ಹೆಸರು ಬದಲಿಸುವರು, ತಾಯ್ನುಡಿ ಆಡುವಂತಿರಲಿಲ್ಲ. ಭಾಷೆಯ ಪಾಠ ಹೇಳಿ ಅನ್ನ ತಿನ್ನುವ ನನ್ನಂಥವರಿಗೆ ಈ ಕಡೆಯ ಮಾತು ಚುಚ್ಚದೆ ಇರದು. ರೋಗರುಜಿನಗಳಿಂದ ಅಲ್ಲಿಯೇ ಮಣ್ಣಾದ ಮಕ್ಕಳು ನೂರಕ್ಕೂ ಹೆಚ್ಚು.

ಇಂಥ ಶಾಲೆಯ ಹುಡುಗರು 1912ರಲ್ಲಿ 14 ಪಂದ್ಯಗಳನ್ನಾಡಿ 12 ಗೆದ್ದರು. ತರಬೇತುದಾರ ಗ್ಲೆನ್ ವಾರ್ನರ್. ತಂಡದ ತಾರೆ ಒಕ್ಲಹೋಮಾದ ಸ್ಯಾಕ್ ಮತ್ತು ಫಾಕ್ಸ್ ಜನಾಂಗದ ಜಿಮ್ ಥಾರ್ಪ್. ಆ ಬೇಸಿಗೆಯಲ್ಲಷ್ಟೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ ಎರಡು ಚಿನ್ನದ ಪದಕ ತಂದವನು. ಹೆಚ್ಚಿನ ಪಂದ್ಯಗಳು ಪರಸ್ಥಳದಲ್ಲಿ. ಟಿಕೆಟ್ ಹಣ ಸೇರುವುದು ದೊಡ್ಡ ಊರುಗಳಲ್ಲಿ ತಾನೆ?

ನವೆಂಬರ್ 9ರಂದು ತಂಡ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಹೋಯಿತು. ದಕ್ಷಿಣ ಡಕೋಟಾದ ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೇನೆ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ ಕೊಂದು ಆಗ 22 ವರ್ಷವಾಗಿತ್ತಷ್ಟೆ. ಎದುರಿಗಿದ್ದವರು ಅದೇ ಸೇನೆಯ ಭಾವೀ ಅಧಿಕಾರಿಗಳು. ಮೊದಲ ಅಂಕಗಳು ಸೈನಿಕರಿಗೇ ಸಂದವು. ಆದರೆ ವಾರ್ನರ್ ಹೊಸ ವ್ಯೂಹವೊಂದನ್ನು ಕಲಿಸಿದ್ದ: ಎರಡು ರೆಕ್ಕೆಗಳಲ್ಲೂ ಓಟಗಾರರು ನಿಲ್ಲುವರು, ಚೆಂಡು ಯಾರ ಕೈಗೆ ಹೋದೀತೆಂದು ಎದುರಾಳಿಗೆ ತಿಳಿಯದು. ಚೆಂಡಿಲ್ಲದವನ ಬೆನ್ನಟ್ಟಿ ಸೈನಿಕರು ಬಳಲಿದರು. ಕಾರ್ಲೈಲಿನ ಜೋ ಗೈಯಾನ್‌ನ ಮೇಲೆ ಏರಿಹೋದ ಅವರ ನಾಯಕನನ್ನು ಅಂಪೈರರು ಹೊರಗೆ ಕಳಿಸಬೇಕಾಯಿತು. ಥಾರ್ಪ್‌ನನ್ನು ಕೆಡವಲು ಹೆಣಗಿದವರಲ್ಲಿ ಮುಂದೆ ರಾಷ್ಟ್ರಾಧ್ಯಕ್ಷನಾದ ಡ್ವೈಟ್ ಐಸೆನ್‌ಹೋವರ್ ಕೂಡ ಇದ್ದ. ಕೊನೆಗೆ ಕಾರ್ಲೈಲಿಗೆ 27, ಸೈನಿಕರಿಗೆ 6. ಮುಂದಿನ ವಾರವೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದೆದುರು 34–26ರಿಂದ ಸೋತರೆನ್ನಿ. ಆಟವೆಂದ ಮೇಲೆ ಅದೂ ಉಂಟು.

ಗೆಲುವಿನ ಫಲ ಹುಡುಗರ ಪಾಲಿಗೆ ಬಂದದ್ದು ಅಷ್ಟಕ್ಕಷ್ಟೆ. ಹಿಂದೊಮ್ಮೆ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ 1913ರಲ್ಲಿ ಥಾರ್ಪ್‌ನ ಪದಕಗಳನ್ನು ಕಿತ್ತುಕೊಂಡರು. ತನಗೇನೂ ತಿಳಿಯದೆಂದ ವಾರ್ನರ್. ಇದನ್ನು ನಂಬುವುದು ಕಷ್ಟ. ತಂಡದ ಗಸ್ ವೆಲ್ಚ್ ಸುಮ್ಮನಿರದೆ ವಿದ್ಯಾರ್ಥಿಗಳ ಸಹಿ ಕೂಡಿಸಿ ಸರ್ಕಾರಕ್ಕೆ ದೂರು ಬರೆಸಿದ. 1914ರಲ್ಲಿ ಕಾಂಗ್ರೆಸ್ಸಿನ ಸಮಿತಿ ಬಂದು ಶಾಲೆಯ ಆಡಳಿತ, ವಾರ್ನರನ ನಡತೆ, ಕ್ರೀಡಾನಿಧಿಯ ಲೆಕ್ಕ ಎಲ್ಲವನ್ನೂ ವಿಚಾರಿಸಿತು. ನನ್ನ ಮಟ್ಟಿಗೆ ವೆಲ್ಚ್‌ನ ಆ ಅರ್ಜಿ ವೆಸ್ಟ್ ಪಾಯಿಂಟಿನ ಗೆಲುವಿಗಿಂತ ಕಿರಿದಲ್ಲ. ಆ ಋತುವಿನ ಕೊನೆಗೆ ವಾರ್ನರ್ ಬೇರೆ ಕಡೆ ಹೋದ. 1918ರಲ್ಲಿ ಶಾಲೆಯೇ ಮುಚ್ಚಿತು.

ಥಾರ್ಪ್ 1953ರಲ್ಲಿ ತೀರಿಕೊಂಡ. ಒಲಿಂಪಿಕ್ ಸಮಿತಿ 1982ರಲ್ಲಿ ಅವನನ್ನು ಜಂಟಿ ವಿಜೇತನೆಂದೂ 2022ರಲ್ಲಿ ಏಕೈಕ ವಿಜೇತನೆಂದೂ ಒಪ್ಪಿತು. ಕಾರ್ಲೈಲಿನ ಆವರಣದಲ್ಲಿ ಈಗಿರುವುದು ಸೇನೆಯದೇ ಕಾಲೇಜು. ಅಲ್ಲಿ ಹೂಳಿದ್ದ ಮಕ್ಕಳ ಅಸ್ಥಿಗಳನ್ನು 2017ರಿಂದ ಅವರವರ ಕುಲದವರು ಬಂದು, ತಮ್ಮ ಊರುಗಳಿಗೆ ಒಯ್ಯುತ್ತಿದ್ದಾರೆ.