ದಾಳದ ಲೆಕ್ಕ, ಕಥೆಯ ರಸ

ರಂಗದ ಮೇಲೆ ಚಂದ್ರಮತಿಯು ಮಗನ ಶವದ ಮುಂದೆ ಗೋಳಿಡುತ್ತಿರುವಾಗ, ಸತ್ತು ಮಲಗಿದ ಲೋಹಿತಾಶ್ವನು ಸೊಳ್ಳೆ ಕಚ್ಚಿತೆಂದು ಕಾಲು ಕೆರೆದುಕೊಂಡರೆ, ಅಳುತ್ತಿದ್ದ ಸಭೆಯೇ ನಗತೊಡಗುತ್ತದೆ. ಇದನ್ನು ನಮ್ಮ ಲಾಕ್ಷಣಿಕರು ರಸಭಂಗವೆಂದು ಕರೆದರು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಅದರ ಮೂಲವನ್ನು ಅನೌಚಿತ್ಯದಲ್ಲಿ ಕಂಡನು. ಇಂದು ತರುಣರು ಗಂಟೆಗಟ್ಟಲೆ ತಲ್ಲೀನರಾಗುವ ವಿಡಿಯೊ ಆಟಗಳಲ್ಲಿಯೂ ಈ ರಸಭಂಗವುಂಟು. ಆಡುವವನೇ ಕಥಾನಾಯಕನ ಪಾತ್ರ ವಹಿಸುವ ಆಟಗಳಲ್ಲಂತೂ, ಕಥೆಯನ್ನು ನಡೆಸಬೇಕಾದ ನಿಯಮಗಳೇ ಅನೇಕ ವೇಳೆ ಕಥೆಗೆ ಅಡ್ಡ ಬರುತ್ತವೆ. ಈ ದೋಷ ಗಣಕಯಂತ್ರಕ್ಕಿಂತ ಬಹಳ ಹಳೆಯದು.

1824ರಲ್ಲಿ ಪ್ರಷ್ಯಾದ ಫಿರಂಗಿದಳದ ಅಧಿಕಾರಿ ರೈಸ್ವಿಟ್ಸ್ ಎಂಬಾತನು, ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ತಿದ್ದಿ ಪ್ರಕಟಿಸಿದನು. ನಕ್ಷೆಯ ಮೇಲೆ ತುಕಡಿಗಳನ್ನು ನಡೆಸುವುದು. ಒಂದೊಂದು ಸರದಿಗೂ ಎರಡು ನಿಮಿಷದ ಕಾಲವೆಂದು ಎಣಿಸುವುದು. ದಾಳ ಹಾಕಿ, ಕೋಷ್ಟಕ ನೋಡಿ, ಮಡಿದವರ ಸಂಖ್ಯೆಯನ್ನು ಕಳೆಯುವುದು. ಉದ್ದೇಶವೇನೋ ಅಧಿಕಾರಿಗಳಿಗೆ ರಣರಂಗದ ಅನುಭವ ಕೊಡುವುದು. ಆದರೆ ಕೋಷ್ಟಕಗಳನ್ನು ತಿರುವಿಹಾಕುತ್ತ ಕುಳಿತವರಿಗೆ ರಣದ ಧಾವಂತ ಎಲ್ಲಿಂದ ಬರಬೇಕು? 1876ರಲ್ಲಿ ಅದೇ ಪ್ರಷ್ಯಾದ ಸೇನಾನಿ ವೆರ್ಡಿ ದು ವೆರ್ನ್ವಾ, ದಾಳವನ್ನೂ ಕೋಷ್ಟಕವನ್ನೂ ಬದಿಗಿಟ್ಟು, ಅನುಭವಸ್ಥನಾದ ಮಧ್ಯಸ್ಥನ ತೀರ್ಮಾನವೇ ಸಾಕೆಂದು ಸಾರಿದನು.

ಸುಮಾರು ನೂರು ವರ್ಷಗಳ ತರುವಾಯ ಯುದ್ಧದಾಟವು ಅಮೆರಿಕದಲ್ಲಿ ಹೊಸ ರೂಪ ತಾಳಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಪ್ರಕಟಿಸಿದರು. ತುಕಡಿಯ ಬದಲು ಒಬ್ಬೊಬ್ಬ ಆಟಗಾರನಿಗೂ ಒಬ್ಬ ವೀರ. ಆ ವೀರನ ಪ್ರಾಣವನ್ನು ಅಳೆಯಲು ಅಂಕಗಳು. ಕತ್ತಿಯ ಪೆಟ್ಟು ತಿಂದವನು ಒಂದು ಅಂಕ ಉಳಿದಿದ್ದರೂ ಕುಂಟದೆ ಓಡಬಲ್ಲ! ಆದರೂ ಮೇಜಿನ ಬಳಿ ಕಥೆ ನಡೆಸುವ ಮನುಷ್ಯನೊಬ್ಬನಿದ್ದ. ನಿಯಮವು ಅಸಂಬದ್ಧವಾದಾಗ ಅದನ್ನು ಸಡಿಲಿಸುವ ವಿವೇಕ ಅವನಿಗಿತ್ತು.

1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಗಣಕ ವ್ಯವಸ್ಥೆಯಲ್ಲಿ ಈ ಆಟದ ಅನುಕರಣಗಳು ಕಾಣಿಸಿಕೊಂಡವು. ಅಂಕಗಳು ಯಂತ್ರಕ್ಕೆ ಬಂದವು, ಮಧ್ಯಸ್ಥನು ಬರಲಿಲ್ಲ. ಇದರ ಫಲವನ್ನು 1997ರಲ್ಲಿ ಜಪಾನಿನಿಂದ ಬಂದ ‘ಫೈನಲ್ ಫ್ಯಾಂಟಸಿ 7’ರಲ್ಲಿ ಕಾಣಬಹುದು. ನಾಯಕನ ಒಡನಾಡಿ ಏರಿತ್ ಎಂಬ ತರುಣಿ ಖಳನ ಕತ್ತಿಗೆ ಬಲಿಯಾಗುವ ಸನ್ನಿವೇಶದಲ್ಲಿ ಕಣ್ಣೀರು ಹಾಕಿದ ಆಟಗಾರರು ಅನೇಕರು. ಆದರೆ ಅದೇ ಆಟದ ಕಾಳಗಗಳಲ್ಲಿ ನೆಲಕ್ಕೆ ಬಿದ್ದವರನ್ನು, ಅಂಗಡಿಯಲ್ಲಿ ಕೊಂಡ ಫೀನಿಕ್ಸ್ ಗರಿಯೊಂದು ಎಬ್ಬಿಸಿ ನಿಲ್ಲಿಸುತ್ತದೆ. ಚೀಲದಲ್ಲಿ ಗರಿಗಳಿರುವಾಗ ಇವಳಿಗೇಕೆ ಒಂದನ್ನು ಬಳಸಬಾರದು? ಆ ಪ್ರಶ್ನೆ ಏಳುತ್ತಲೇ ದುಃಖವು ಸಂದೇಹವಾಗಿಬಿಡುತ್ತದೆ. 2006ರ ‘ಒಬ್ಲಿವಿಯನ್’ ಆಟದಲ್ಲಿ ನಾಯಕನ ಬಲ ಏರಿದಂತೆಲ್ಲ ಶತ್ರುಗಳ ಬಲವೂ ಏರುತ್ತದೆ. ಕಡೆಗೆ ಹೊಟ್ಟೆಪಾಡಿಗೆ ದಾರಿ ಅಡ್ಡಗಟ್ಟುವ ಕಳ್ಳನೂ ಬಹು ಬೆಲೆಯ ಕವಚ ತೊಟ್ಟು ನಿಲ್ಲುತ್ತಾನೆ. ಅದನ್ನು ಮಾರಿದರೆ ಅವನಿಗೆ ಕಳ್ಳತನವೇ ಬೇಡ!

ಹಾಗೆಂದು ಅಂಕಗಳನ್ನೇ ದೂರುವುದು ನ್ಯಾಯವಲ್ಲ. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನ ನಾಯಕನು ಸಾಯಲಾರದವನು, ಸತ್ತು ಮತ್ತೆ ಏಳುವ ಆಟದ ಸವಲತ್ತೇ ಅಲ್ಲಿ ಅವನ ಬಾಳಿನ ಸಂಕಟವಾಗುತ್ತದೆ. 2023ರ ‘ಬಾಲ್ಡರ್ಸ್ ಗೇಟ್ 3’ ಸಂಭಾಷಣೆಯ ನಡುವೆಯೇ ಇಪ್ಪತ್ತು ಮುಖದ ದಾಳವನ್ನು ತೆರೆಯ ಮೇಲೆ ಬಹಿರಂಗವಾಗಿ ಉರುಳಿಸುತ್ತದೆ. ದಾಳ ಸೋತರೆ ಆ ಸೋಲನ್ನೂ ಕೂಡಿಸಿಕೊಂಡು ಕಥೆ ಮುಂದೆ ಸಾಗುತ್ತದೆ. ಆದ್ದರಿಂದ ರಸವನ್ನು ಕೆಡಿಸುವುದು ಕಥೆ ಒಂದು ಮಾತನ್ನೂ ಲೆಕ್ಕ ಇನ್ನೊಂದನ್ನೂ ಹೇಳುವ ಇಬ್ಬಗೆ. ಹಿಂದೆ ಮಧ್ಯಸ್ಥನು ಎದುರಿಗೆ ಕುಳಿತು ಮಾಡುತ್ತಿದ್ದ ಕೆಲಸವನ್ನು ಇಂದು ಆಟ ರಚಿಸುವವನು ಮುಂಚಿತವಾಗಿಯೇ ಮಾಡಿಡಬೇಕಾಗಿದೆ. ತನ್ನ ಲೋಕದಲ್ಲಿ ಮರಣವೆಂದರೇನು, ಗಾಯವೆಂದರೇನು ಎಂಬುದನ್ನು ಅವನು ನಿಯಮ ಬರೆಯುವ ಮೊದಲೇ ನಿಶ್ಚಯಿಸಬೇಕು. ಆ ಎಚ್ಚರ ತಪ್ಪಿದರೆ ಆಟಗಾರನು ಅಂಕಗಳನ್ನು ಎಣಿಸುತ್ತಾನೆಯೇ ಹೊರತು ಸತ್ತವಳಿಗಾಗಿ ಮರುಗುವುದಿಲ್ಲ.