ಪಕ್ಷಪಾತ

‘ಪಕ್ಷ’ ಮತ್ತು ‘ಪಾತ’ ಸೇರಿ ಆದ ಸಂಸ್ಕೃತ ಪದ. ಪಕ್ಷ ಎಂದರೆ ರೆಕ್ಕೆ, ಮಗ್ಗುಲು, ಬಣ. ಪಾತ ಎಂದರೆ ಬೀಳುವುದು. ಒಂದು ಕಡೆಗೆ ವಾಲುವವನು ಪಕ್ಷಪಾತಿ, ವಾಲದಿರುವುದು ನಿಷ್ಪಕ್ಷಪಾತ. ಊಟದ ಸಾಲಿನಲ್ಲಿ ಇದೇ ದೋಷಕ್ಕೆ ಪಂಕ್ತಿಭೇದ ಎನ್ನುತ್ತೇವೆ. ಮೊದಲೇ ಕಟ್ಟಿಕೊಂಡ ಅಭಿಪ್ರಾಯ ಪೂರ್ವಗ್ರಹ. ಅದು ತೀರ್ಪಿನಲ್ಲಿ ಕಾಣಿಸಿಕೊಂಡರೆ ಪಕ್ಷಪಾತ.

ವಿಜ್ಞಾನ ಪತ್ರಿಕೆಗಳ ತಜ್ಞ ಪರಿಶೀಲನೆಯಲ್ಲೂ ಇದರದೊಂದು ಬಗೆಯಿದೆ: ‘ಪ್ರಾಣಿವಿಧಾನ ಪಕ್ಷಪಾತ’. ಮನುಷ್ಯರ ಜೀವಕೋಶ, ಆರ್ಗನಾಯ್ಡ್ (ಜೀವಕೋಶಗಳಿಂದ ಬೆಳೆಸಿದ ಪುಟ್ಟ ಅಂಗಮಾದರಿ) ಅಥವಾ ಕಂಪ್ಯೂಟರ್ ಮಾದರಿ ಬಳಸಿದ ಪ್ರಬಂಧ ಕೈಗೆ ಬಂದಾಗ, ಅಗತ್ಯವಿರಲಿ ಬಿಡಲಿ, ‘ಇಲಿಯ ಮೇಲೂ ಮಾಡಿ ತೋರಿಸಿ’ ಎಂದು ಪರಿಶೀಲಕರು ಕೇಳುವುದು. 2023ರಲ್ಲಿ ‘ಆಲ್ಟೆಕ್ಸ್’ ಪತ್ರಿಕೆ ಪ್ರಕಟಿಸಿದ ಸಣ್ಣ ಸಮೀಕ್ಷೆಯೊಂದಕ್ಕೆ ಉತ್ತರಿಸಿದ 68 ಮಂದಿಯಲ್ಲಿ 31 ಮಂದಿ, ಪ್ರಾಣಿಪ್ರಯೋಗವೇ ಇಲ್ಲದ ತಮ್ಮ ಅಧ್ಯಯನಕ್ಕೆ ಅದನ್ನು ಸೇರಿಸಲು ಹೇಳಲಾಗಿತ್ತು ಎಂದರು. ಹೇಗೂ ಕೇಳುತ್ತಾರೆಂದು ಮೊದಲೇ ಪ್ರಯೋಗ ಮಾಡಿಟ್ಟುಕೊಂಡವರೂ ಅವರಲ್ಲಿದ್ದರು.

ಪ್ರಾಣಿಪ್ರಯೋಗ ಕೇಳಿದ್ದೆಲ್ಲ ಪಕ್ಷಪಾತವಲ್ಲ. ಬೇರೆ ದಾರಿಯಲ್ಲಿ ಉತ್ತರ ಸಿಗದಿದ್ದರೆ ಆ ಕೇಳಿಕೆ ನ್ಯಾಯವೇ. ಸಿಕ್ಕ ಉತ್ತರವನ್ನು ಬದಿಗಿಟ್ಟು ಬರೀ ರೂಢಿಯೆಂದು ಕೇಳಿದಾಗ ಮಾತ್ರ ಈ ಹೆಸರು ಸಲ್ಲುತ್ತದೆ.